ಒಂದೇ ಬಸ್ಸು, ಎರಡು ಟಿಕೆಟ್ಟು
(ಸಂಘದ ವಾರದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಉಳಿತಾಯ, ಆಂತರಿಕ ಸಾಲ, ಲೆಕ್ಕಪುಸ್ತಕ ಬರೆಯುವ ಕ್ರಮ ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಬೇಕಾದಷ್ಟು ಮಾತನಾಡಿದ್ದೇವೆ. ಈ ಸಲ ನಮಗೆಲ್ಲ ದಿನಾ ಗೊತ್ತಿರುವ ಒಂದು ವಿಷಯ ತೆಗೆದುಕೊಳ್ಳೋಣ. ಅದೇ ಬಸ್ಸು. "ಬಸ್ಸಲ್ಲಿ ಕಲಿಯೋದೇನೈತೆ ಮೇಡಂ, ಹತ್ತಿದ್ವಿ, ಇಳಿದ್ವಿ" ಅಂತ ನೀವು ನಗಬಹುದು. ಆದರೆ ಮನೆಯ ಬಾಗಿಲ ಹಿಂದೆ ನಮಗೆ ಕಾಣದ್ದು ಬಸ್ಸಿನಲ್ಲಿ ಕಾಣುತ್ತದೆ. ಗಂಡ ಹೆಂಡತಿ ಒಟ್ಟಿಗೆ ಹೇಗೆ ಬಾಳುತ್ತಿದ್ದಾರೆ ಎಂಬುದನ್ನು ಅವರು ಬಸ್ಸು ಹತ್ತುವ ರೀತಿಯಲ್ಲೇ ತಿಳಿಯಬಹುದು. ಚೀಲ ಯಾರ ಕೈಯಲ್ಲಿದೆ? ಮಗು ಯಾರ ತೊಡೆ ಮೇಲಿದೆ? ದುಡ್ಡು ಯಾರ ಜೇಬಿನಲ್ಲಿದೆ? ಎಲ್ಲಿ ಇಳಿಯಬೇಕು ಅಂತ ಹೇಳುವವರು ಯಾರು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ಕಡೆ ಸಂಘಗಳ ಭೇಟಿಗೆ ನಾವು ಓಡಾಡುವುದು ಬಸ್ಸಿನಲ್ಲೇ. ಹಾಗಾಗಿ ಈ ಪಾಠ ನಾವು ಪುಸ್ತಕದಿಂದ ಕಲಿತದ್ದಲ್ಲ, ಕಿಟಕಿ ಪಕ್ಕ ಕೂತು ಕಲಿತದ್ದು.

ಒಂದು ಮನೆಯ ಕಥೆ

ಅರಕಲಗೂಡು ಕಡೆಯ ಒಂದು ಹಳ್ಳಿ. ಹೆಸರು ಬೇಡ. ಗಂಡ ಗಾರೆ ಕೆಲಸದವರು. ಹೆಂಡತಿ ಕೂಲಿಗೆ ಹೋಗುತ್ತಾರೆ, ನಮ್ಮ ಸಂಘವೊಂದರ ಸದಸ್ಯೆ. ಒಬ್ಬಳು ಮಗಳು, ಒಬ್ಬ ಚಿಕ್ಕ ಮಗ, ವಯಸ್ಸಾದ ಅತ್ತೆ. ಕ್ರೈಸ್ತ ಕುಟುಂಬ. ಮೊದಲು ತಿಂಗಳಿಗೆ ಒಂದು ಭಾನುವಾರ ಎಲ್ಲರೂ ಕೂಡಿ ಬಸ್ಸಿನಲ್ಲಿ ಪಟ್ಟಣದ ದೇವಾಲಯಕ್ಕೆ ಬಲಿಪೂಜೆಗೆ ಹೋಗಿ ಬರುತ್ತಿದ್ದರು. ಉಳಿದ ಭಾನುವಾರ ಹೋಗಲು ಬಸ್ ಚಾರ್ಜಿಗೇ ಕಷ್ಟ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಆ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಇನ್ನು ಪ್ರತಿ ಭಾನುವಾರ ಎಲ್ಲರೂ ಹೋಗಬಹುದು ಅಂತ ಹೆಂಡತಿ ಅಂದುಕೊಂಡರು. ಆದದ್ದು ಬೇರೆ. "ನೀವು ಹೋಗ್ಬನ್ನಿ, ನಿಮ್ಗೆ ಫ್ರೀ. ನಂಗ್ಯಾಕೆ ದುಡ್ಡು ದಂಡ" ಅಂತ ಗಂಡ ಮನೆಯಲ್ಲೇ ಉಳಿದರು. ತಿಂಗಳಿಗೊಮ್ಮೆಯಾದರೂ ಜೊತೆಯಾಗಿ ಹೋಗುತ್ತಿದ್ದದ್ದು ನಿಂತುಹೋಯಿತು.

ಆಮೇಲೆ ಕೆಲಸಗಳು ಒಂದೊಂದಾಗಿ ಹೆಂಡತಿಯ ಹೆಗಲಿಗೆ ಬಂದವು. ಅತ್ತೆಯ ಬಿಪಿ ಮಾತ್ರೆಗೆ ಹಾಸನ. ಬ್ಯಾಂಕಿಗೆ ಅರಕಲಗೂಡು. ಆಧಾರ್ ತಿದ್ದುಪಡಿಗೆ ಮತ್ತೆ ಅರಕಲಗೂಡು. ನಾದಿನಿಯ ಬಾಣಂತನಕ್ಕೆ ಹೊಳೆನರಸೀಪುರ. ಏನು ಕೇಳಿದರೂ ಒಂದೇ ಮಾತು: "ನಿಂಗೆ ಫ್ರೀ ತಾನೇ?" ಶುಂಠಿ ಕೀಳುವ ಕಾಲದಲ್ಲೂ ಕೂಲಿ ಬಿಟ್ಟು ಓಡಾಡಿದರು. ಹೀಗಿರುವಾಗಲೇ ಇನ್ನೊಂದು ಮಾತು ಹುಟ್ಟಿತು: "ಫ್ರೀ ಬಸ್ ಬಂದ್ಮೇಲೆ ಇವ್ಳು ಊರೂರು ಸುತ್ತೋದು ಜಾಸ್ತಿಯಾಯ್ತು." ಓಡಾಡಲು ಕಳಿಸುವವರೂ ಅವರೇ, ಓಡಾಡುತ್ತಾಳೆ ಅನ್ನುವವರೂ ಅವರೇ.

ಒಂದು ಸಂಜೆ ಹಾಸನದಿಂದ ಬರುವ ಬಸ್ಸು ತುಂಬಿಹೋಗಿತ್ತು. ಮುಂದಿನ ಬಸ್ಸು ಸಿಕ್ಕಿ ಊರು ಮುಟ್ಟುವಾಗ ರಾತ್ರಿ ಒಂಬತ್ತು. ಬಾಗಿಲು ಹಾಕಿತ್ತು. ಕರೆದರೂ ತೆಗೆಯಲಿಲ್ಲ. ಕೈಯಲ್ಲಿ ಅತ್ತೆಯ ಮಾತ್ರೆ ಚೀಲ ಹಿಡಿದುಕೊಂಡು ಆಕೆ ಜಗುಲಿ ಮೇಲೆ ಕೂತಿದ್ದರು. ಕೊನೆಗೆ ಅತ್ತೆಯೇ ಎದ್ದು ಬಂದು ಬಾಗಿಲು ತೆಗೆದರಂತೆ.

ಆ ವಾರದ ಸಭೆಯಲ್ಲಿ ಆಕೆ ಮಾತಾಡಲಿಲ್ಲ. ಉಳಿತಾಯದ ದುಡ್ಡು ಕೊಟ್ಟು ಸುಮ್ಮನೆ ಕೂತರು. ಪಕ್ಕದಲ್ಲಿದ್ದ ಹಿರಿಯ ಸದಸ್ಯೆ ಕೈ ಹಿಡಿದು "ಏನಾಯ್ತವ್ವ?" ಅಂದಾಗ ಎಲ್ಲ ಹೊರಗೆ ಬಂತು.

ಸಂಘ ಏನು ಮಾಡಿತು?

ಯಾರೂ ಗಂಡನ ಮನೆ ಮುಂದೆ ಹೋಗಿ ಜಗಳ ತೆಗೆಯಲಿಲ್ಲ. ಕಾರ್ಯದರ್ಶಿ ಒಂದು ಹಳೆಯ ನೋಟ್‌ಬುಕ್ ಕೊಟ್ಟು, "ಒಂದು ತಿಂಗಳು ಎಲ್ಲೆಲ್ಲಿಗೆ ಹೋದೆ, ಯಾರಿಗೋಸ್ಕರ ಹೋದೆ, ಅವತ್ತು ಕೂಲಿ ಹೋಯ್ತಾ ಇಲ್ವಾ, ಅಷ್ಟು ಮಾತ್ರ ಬರೀ" ಅಂದರು. ಆಕೆಗೆ ಬರೆಯಲು ಸರಿಯಾಗಿ ಬಾರದು. ಮಗಳು ಬರೆದಳು.

ತಿಂಗಳ ಕೊನೆಗೆ ಎಣಿಸಿದಾಗ ಹನ್ನೊಂದು ಪ್ರಯಾಣ. ಅದರಲ್ಲಿ ನಾಲ್ಕು ಅತ್ತೆಗೆ, ಮೂರು ಬ್ಯಾಂಕು ಮತ್ತು ಕಚೇರಿ ಕೆಲಸಕ್ಕೆ, ಎರಡು ಮಕ್ಕಳಿಗೆ, ಒಂದು ನಾದಿನಿ ಮನೆಗೆ. ತನಗೋಸ್ಕರ ಅಂತ ಹೋದದ್ದು ಒಂದೇ ಒಂದು, ಕಣ್ಣು ತೋರಿಸಲು. ಐದು ದಿನ ಕೂಲಿ ಹೋಗಿತ್ತು.

ಆ ಪುಟವನ್ನು ಮಗಳೇ ಅಪ್ಪನ ಮುಂದೆ ಓದಿದಳು. ಆತ ಏನೂ ಹೇಳಲಿಲ್ಲ. ತಪ್ಪಾಯ್ತು ಅಂತಲೂ ಅನ್ನಲಿಲ್ಲ. ಮುಂದಿನ ಸಲ ತಾಯಿಯ ಮಾತ್ರೆ ಮುಗಿದಾಗ ತಾನೇ ಟಿಕೆಟ್ಟಿಗೆ ದುಡ್ಡು ಕೊಟ್ಟು ಹಾಸನಕ್ಕೆ ಹೋಗಿ ತಂದರು. ಆ ವರ್ಷ ಕ್ರಿಸ್ತಜಯಂತಿಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದರು. ಮಗನನ್ನು ಎತ್ತಿಕೊಂಡಿದ್ದವರು ಅಪ್ಪ. ಅಷ್ಟೇ. ಪವಾಡವೇನೂ ನಡೆಯಲಿಲ್ಲ. ಆದರೆ ಆ ಬಾಗಿಲು ಮತ್ತೆ ಮುಚ್ಚಲಿಲ್ಲ.

ಈ ಬಸ್ಸು ನಮಗೆ ಹೇಗೆ ಬಂತು?

ನಮ್ಮ ಅಜ್ಜಿಯರ ಕಾಲದಲ್ಲಿ ಹೆರಿಗೆಗೂ ಗಾಡಿ ಕಟ್ಟಿಕೊಂಡೇ ಹೋಗಬೇಕಿತ್ತು. 1948ರ ಸೆಪ್ಟೆಂಬರ್ 12ರಂದು ಆಗಿನ ಮೈಸೂರು ಸರ್ಕಾರ 120 ಬಸ್ಸುಗಳಿಂದ ತನ್ನದೇ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. 1961ರ ಆಗಸ್ಟ್ 1ರಂದು ಅದು ಸಾರಿಗೆ ನಿಗಮವಾಯಿತು. ಇಂದು ರಾಜ್ಯದಲ್ಲಿ ನಾಲ್ಕು ಸಾರಿಗೆ ನಿಗಮಗಳಿವೆ. ಶಕ್ತಿ ಯೋಜನೆ ಈ ನಾಲ್ಕಕ್ಕೂ ಅನ್ವಯಿಸುತ್ತದೆ. 2025ರ ಜುಲೈ ಹೊತ್ತಿಗೆ ಈ ಯೋಜನೆಯಲ್ಲಿ ಹೆಂಗಸರು ಮಾಡಿದ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಅದರಲ್ಲಿ ನಿಮ್ಮದೂ ನಮ್ಮದೂ ಸೇರಿದೆ.

ಬಸ್ಸಿನ ಬೆಲೆ ನಮ್ಮ ಜಿಲ್ಲೆಯ ಕ್ರೈಸ್ತರಿಗೆ ಇನ್ನೊಂದು ರೀತಿಯಲ್ಲೂ ಗೊತ್ತು. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ನೀವು ನೋಡಿರಬಹುದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ನೀರು ಅಲ್ಲಿಯವರೆಗೂ ಬಂತು. ಜನ ಊರು ಬಿಟ್ಟು ಬೇರೆ ಬೇರೆ ಕಡೆ ನೆಲೆಯಾದರು. ಮಳೆಗಾಲದಲ್ಲಿ ಆ ಗೋಡೆಗಳು ಈಗಲೂ ನೀರಲ್ಲಿ ನಿಲ್ಲುತ್ತವೆ. ಊರು ಮುಳುಗಿದ ಮೇಲೆ ಅಣ್ಣ ಒಂದು ಕಡೆ, ತಂಗಿ ಒಂದು ಕಡೆ. ಹೀಗೆ ಚೆದುರಿದ ನೆಂಟಸ್ತನವನ್ನು ಉಳಿಸಿಕೊಂಡು ಬರಲು ಒಂದು ಮದುವೆಗೆ, ಒಂದು ಸಾವಿಗೆ, ಒಂದು ಹಬ್ಬಕ್ಕೆ ಹೋಗಿಬರಲೇಬೇಕು. ಬಡವರಿಗೆ ಅದು ಬಸ್ಸಿನಿಂದಲೇ ಸಾಧ್ಯ. ಆದ್ದರಿಂದ ಹೆಂಗಸರು "ಸುಮ್ಮನೆ ಸುತ್ತುತ್ತಾರೆ" ಎನ್ನುವುದು ಸರಿಯಲ್ಲ. ತವರಿಗೆ ಹೋಗುವುದೂ ಒಂದು ಕೆಲಸವೇ. ಸಂಬಂಧ ಕಾಯುವ ಕೆಲಸ.

ಬೈಬಲಿನಲ್ಲಿ ಪ್ರಯಾಣ ಮಾಡಿದ ಹೆಂಗಸರು

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಹಾಸನಾಂಬೆಯ ದರ್ಶನಕ್ಕೆ ಹೋಗುವವರಿದ್ದಾರೆ, ದರ್ಗಾಕ್ಕೆ ಹೋಗುವವರಿದ್ದಾರೆ. ಎಲ್ಲರನ್ನೂ ಕರೆದೊಯ್ಯುವುದು ಅದೇ ಬಸ್ಸು. ಆದರೂ ಕ್ರೈಸ್ತ ದಂಪತಿಗಳು ವಿಶೇಷವಾಗಿ ನೆನೆಯಬೇಕಾದ ಎರಡು ಸಂಗತಿಗಳಿವೆ.

ಮೊದಲನೆಯದು ಮಾತೆ ಮರಿಯಮ್ಮನವರದು. ದೇವದೂತನ ಸಂದೇಶ ಕೇಳಿದ ಮೇಲೆ ಆಕೆ ಬೆಟ್ಟಗಾಡಿನ ಊರಿನಲ್ಲಿದ್ದ ಬಂಧು ಎಲಿಜಬೇತಳನ್ನು ನೋಡಲು ಅವಸರದಿಂದ ಹೊರಟಳು ಎಂದು ಸಂತ ಲೂಕನ ಶುಭಸಂದೇಶದ ಮೊದಲ ಅಧ್ಯಾಯ ತಿಳಿಸುತ್ತದೆ. ಬಸುರಿಯಾಗಿದ್ದ ವಯಸ್ಸಾದ ಬಂಧುವಿನ ಬಳಿ ಸುಮಾರು ಮೂರು ತಿಂಗಳು ಇದ್ದು ಬಂದಳು. ಆ ಪ್ರಯಾಣವನ್ನು ಯಾರೂ ತಿರುಗಾಟ ಎನ್ನುವುದಿಲ್ಲ. ಅದನ್ನು ನಾವು ಹಬ್ಬವಾಗಿ ಆಚರಿಸುತ್ತೇವೆ.

ಎರಡನೆಯದು ಪ್ರಿಸಿಲ್ಲ ಮತ್ತು ಅಕ್ವಿಲ ಎಂಬ ದಂಪತಿಯದು. ಗುಡಾರ ಮಾಡುವುದು ಅವರ ಕಸುಬು. ಚಕ್ರವರ್ತಿಯ ಆಜ್ಞೆಯಿಂದ ರೋಮ್ ಬಿಟ್ಟು ಕೊರಿಂಥಕ್ಕೆ ಬಂದರು. ಅಲ್ಲಿ ಸಂತ ಪೌಲ ಅವರ ಮನೆಯಲ್ಲಿದ್ದು ಅವರ ಜೊತೆ ಅದೇ ಕೆಲಸ ಮಾಡಿದ. ಆಮೇಲೆ ಅವನೊಂದಿಗೆ ಹಡಗು ಹತ್ತಿ ಎಫೆಸಕ್ಕೆ ಹೋದರು. ಒಂದೇ ಮನೆ, ಒಂದೇ ಕಸುಬು, ಒಂದೇ ಪ್ರಯಾಣ. ಬೈಬಲಿನಲ್ಲಿ ಈ ದಂಪತಿಯ ಹೆಸರು ಆರು ಕಡೆ ಬರುತ್ತದೆ. ಆರು ಕಡೆಯೂ ಇಬ್ಬರ ಹೆಸರೂ ಒಟ್ಟಿಗೇ ಇವೆ, ಒಬ್ಬರದೇ ಎಲ್ಲೂ ಇಲ್ಲ. ಅದರಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕ ಅವರಿಬ್ಬರಿಗೆ ಇರಲಿಲ್ಲವೇನೋ.

ಫ್ರೀ ಟಿಕೆಟ್ಟಿನ ನಿಜವಾದ ಲೆಕ್ಕ

ಈಗ ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಹೋಗಲು 40 ರೂಪಾಯಿ, ಹೋಗಿಬರಲು 80 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಎಂಟು ಸಲ ಹೋಗಿಬಂದರೆ 640 ರೂಪಾಯಿ ಉಳಿಯಿತು. ವರ್ಷಕ್ಕೆ 7,680 ರೂಪಾಯಿ. ಸಣ್ಣ ಮೊತ್ತವಲ್ಲ. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ 15ರಷ್ಟು ಏರಿತು, ಆದ್ದರಿಂದ ಉಳಿಯುವುದೂ ಹೆಚ್ಚಾಯಿತು. ಹಾಗಾದರೆ ಆ ದುಡ್ಡು ಎಲ್ಲಿದೆ? ಸಭೆಗಳಲ್ಲಿ ನಾವು ಕೇಳಿದಾಗ ಹೆಚ್ಚಿನವರು "ಎಲ್ಲೋ ಖರ್ಚಾಗೋಯ್ತು" ಅನ್ನುತ್ತಾರೆ. ಟಿಕೆಟ್ಟಿಗೆ ಕೊಡದ ದುಡ್ಡನ್ನು ಕೈಯಲ್ಲಿ ಎತ್ತಿ ಬೇರೆ ಇಡದಿದ್ದರೆ ಅದು ಉಳಿತಾಯವಾಗುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ನಿಜ, ಆದರೆ ಹನಿ ಬೀಳುವಲ್ಲಿ ಪಾತ್ರೆ ಇಟ್ಟಿರಬೇಕು.

ಇನ್ನೊಂದು ಲೆಕ್ಕವೂ ಇದೆ. ಒಂದು ದಿನದ ಕೂಲಿ 400 ರೂಪಾಯಿ ಎಂದಿಟ್ಟುಕೊಳ್ಳಿ. 80 ರೂಪಾಯಿ ಬಸ್ ಚಾರ್ಜ್ ಉಳಿಸಲು ಹೆಂಡತಿಯನ್ನೇ ಕಳಿಸಿದರೆ ಮನೆಗೆ 400 ರೂಪಾಯಿ ಹೋಯಿತು. ಟಿಕೆಟ್ಟು ಉಚಿತವೇ ಹೊರತು ಆಕೆಯ ದಿನ ಉಚಿತವಲ್ಲ.

"ಗಂಡಸರ ಕೂಲಿ ಇನ್ನೂ ಜಾಸ್ತಿ, ಅವ್ರು ಹೋದ್ರೆ ಇನ್ನೂ ನಷ್ಟ ಅಲ್ವಾ?" ಅಂತ ಹೊಳೆನರಸೀಪುರದ ಕಡೆ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಅವರಿಗೆ ಕೆಲಸವಿರುವ ದಿನ ನೀವು ಹೋಗುವುದೇ ಮನೆಗೆ ಲಾಭ. ಆದರೆ ಅವರಿಗೆ ಕೆಲಸವಿಲ್ಲದ ದಿನವೂ ನೀವೇ ಹೋಗುತ್ತಿದ್ದರೆ ಅಲ್ಲಿ ಲೆಕ್ಕ ತಪ್ಪಿದೆ. ಹಾಗೆಯೇ ಮೂರು ದಿನ ಮೂರು ಕೆಲಸಕ್ಕೆ ಹೋಗುವ ಬದಲು ಒಂದೇ ದಿನ ಮೂರೂ ಮುಗಿಸಿದರೆ ಎರಡು ಕೂಲಿ ಉಳಿಯುತ್ತದೆ. ಬಸ್ಸು ಫ್ರೀ ಆದ ಮೇಲೆ ನಾವು ಈ ಯೋಚನೆ ಬಿಟ್ಟುಬಿಟ್ಟಿದ್ದೇವೆ.

ತಿಳಿದಿರಬೇಕಾದ ನಿಯಮಗಳು

1. ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಒಳಗೆ ಉಚಿತ. ಎಸಿ, ಸ್ಲೀಪರ್, ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಲ್ಲಿ ಇಲ್ಲ. ಖಾಸಗಿ ಬಸ್ಸುಗಳಲ್ಲೂ ಇಲ್ಲ. ಹತ್ತುವ ಮೊದಲು ಬೋರ್ಡು ನೋಡಿ.

2. ಕರ್ನಾಟಕದ ವಿಳಾಸವಿರುವ ಗುರುತಿನ ದಾಖಲೆ ಜೊತೆಯಲ್ಲಿರಲಿ. ತೋರಿಸಲು ಕೇಳಿದರೆ ಕೋಪ ಮಾಡಬೇಡಿ.

3. ಶೂನ್ಯ ದರದ ಟಿಕೆಟ್ಟನ್ನು ಕೇಳಿ ಪಡೆಯಿರಿ, ಇಳಿಯುವವರೆಗೂ ಇಟ್ಟುಕೊಳ್ಳಿ. ಆ ಟಿಕೆಟ್ಟುಗಳ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ಇಳಿಯುವ ಊರನ್ನೇ ಸರಿಯಾಗಿ ಹೇಳಿ. ಸುಳ್ಳು ಹೇಳಿದರೆ ತೊಂದರೆ ಕಂಡಕ್ಟರಿಗೆ.

4. ಗಂಡಸರಿಗೂ ಜಾಗ ಬೇಕು. ಯೋಜನೆಯ ಆದೇಶದಲ್ಲೇ ನಮ್ಮ ಕಡೆಯ ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಪುರುಷರಿಗೆ ಎಂದಿದೆ. ದುಡ್ಡು ಕೊಟ್ಟ ಮುದುಕರು ನಿಂತಿದ್ದು ನಾವು ಸೀಟಿನ ಮೇಲೆ ಚೀಲ ಇಟ್ಟುಕೊಳ್ಳುವುದು ನ್ಯಾಯವಲ್ಲ.

5. ಗಂಡ 60 ವರ್ಷ ದಾಟಿದ್ದರೆ ವಯಸ್ಸಿನ ದಾಖಲೆ ತೋರಿಸಿ ಹಿರಿಯ ನಾಗರಿಕರ ರಿಯಾಯಿತಿ ಕೇಳಲಿ. ದರದಲ್ಲಿ ನೂರಕ್ಕೆ 25ರಷ್ಟು ಕಡಿಮೆಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ.

ಬಸ್ಸಿನಲ್ಲೇ ಬಾಳುವವರು

ನಮ್ಮ ಹಳ್ಳಿಗಳಿಗೆ ರಾತ್ರಿ ಬಂದು ಬೆಳಿಗ್ಗೆ ಹೊರಡುವ ಬಸ್ಸಿದೆಯಲ್ಲ, ಅದರ ಚಾಲಕ ಮತ್ತು ನಿರ್ವಾಹಕ ಎಷ್ಟೋ ಕಡೆ ಆ ಬಸ್ಸಿನ ಸೀಟಿನ ಮೇಲೆಯೇ ಮಲಗುತ್ತಾರೆ. ಅವರ ಹೆಂಡತಿ ಮಕ್ಕಳು ಇನ್ಯಾವುದೋ ಊರಿನಲ್ಲಿ ಮಲಗಿರುತ್ತಾರೆ. ಈಗ ನಿರ್ವಾಹಕಿಯರೂ ಇದ್ದಾರೆ. ಕಿಕ್ಕಿರಿದ ಬಸ್ಸಿನಲ್ಲಿ ನಿಂತೇ ಟಿಕೆಟ್ಟು ಹರಿದು, ಮನೆಗೆ ಹೋಗಿ ಒಲೆ ಹಚ್ಚುವವರು ಅವರು. ಒಂದು ಲೋಟ ನೀರು, ಚಳಿಗಾಲದಲ್ಲಿ ಒಂದು ಕಂಬಳಿ ಕೊಟ್ಟರೆ ನಮಗೇನೂ ಕಮ್ಮಿಯಾಗುವುದಿಲ್ಲ. ಬಾಗಿಲಲ್ಲಿ ನಿಂತು ಅವರ ಮೇಲೆ ರೇಗುವ ಮೊದಲು ಇದನ್ನು ನೆನೆಯೋಣ.

ದಂಪತಿಗಳಿಗೆ ನಾಲ್ಕು ಮಾತು

ಒಂದು: ತಿಂಗಳಿಗೆ ಒಂದು ಸಲವಾದರೂ ಇಬ್ಬರೂ ಒಟ್ಟಿಗೆ ಪ್ರಯಾಣ ಮಾಡಿ. ಪೂಜೆಗೋ, ಸಂತೆಗೋ, ತವರಿಗೋ, ಯಾವುದಕ್ಕಾದರೂ ಸರಿ. ಹೆಂಡತಿಯ ಟಿಕೆಟ್ಟಿನಿಂದ ಉಳಿದ ದುಡ್ಡಿನಲ್ಲೇ ಗಂಡನ ಟಿಕೆಟ್ಟು ಬರುತ್ತದೆ. ಮನೆಗೆ ಮೊದಲು ಆಗುತ್ತಿದ್ದ ಖರ್ಚಿಗಿಂತ ಹೆಚ್ಚೇನೂ ಆಗುವುದಿಲ್ಲ.

ಎರಡು: ಜಾಗ ಸಿಗದೆ ಹೆಂಡತಿ ಮುಂದೆ, ಗಂಡ ಹಿಂದೆ ಕೂತರೂ ಭಾರ ಹಂಚಿಕೊಳ್ಳಿ. ಮಗು ಒಬ್ಬರಿಗೆ, ಚೀಲ ಒಬ್ಬರಿಗೆ.

ಮೂರು: ಒಬ್ಬರೇ ಹೋಗುವಾಗ ಯಾವ ಬಸ್ಸು, ಎಷ್ಟು ಹೊತ್ತಿಗೆ ವಾಪಸು ಅಂತ ಹೇಳಿ ಹೊರಡಿ. ಇದು ಅಪ್ಪಣೆ ಕೇಳುವುದಲ್ಲ, ತಿಳಿಸುವುದು. ಗಂಡನೂ ಹಾಗೆಯೇ ತಿಳಿಸಲಿ. ತಡವಾದರೆ ಫೋನು ಮಾಡಿ. ತಡವಾಗಿ ಬಂದವರಿಗೆ ಮೊದಲು ಊಟ, ಆಮೇಲೆ ಪ್ರಶ್ನೆ.

ನಾಲ್ಕು: ಏನೇ ಕೋಪವಿರಲಿ, ಬಾಗಿಲು ಹಾಕಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಮನೆ ಯಾರ ಹೆಸರಿನಲ್ಲಿದ್ದರೂ ಗಂಡನೊಂದಿಗೆ ಬಾಳಿದ ಆ ಮನೆಯಲ್ಲಿ ಇರುವ ಹಕ್ಕು ಹೆಂಡತಿಗಿದೆ. ಆಕೆಯನ್ನು ಹೊರಗೆ ನಿಲ್ಲಿಸುವುದು ಮನೆಯ ವಿಷಯ ಮಾತ್ರವಲ್ಲ, ಕಾನೂನಿನ ವಿಷಯವೂ ಹೌದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಯಲ್ಲಿ ದೂರು ಹೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತು ಕರೆ 112. ಬಸ್ಸಿನಲ್ಲಿ ಯಾರಾದರೂ ಮೈಮುಟ್ಟಿ ತೊಂದರೆ ಕೊಟ್ಟರೂ ಸುಮ್ಮನಿರಬೇಡಿ. ಗಟ್ಟಿಯಾಗಿ ಹೇಳಿ, ನಿರ್ವಾಹಕರಿಗೆ ತಿಳಿಸಿ, 112ಕ್ಕೆ ಕರೆ ಮಾಡಿ. ಪಕ್ಕದ ಹೆಣ್ಣುಮಗಳಿಗೆ ಹಾಗಾದಾಗ ನೀವು ಕಿಟಕಿ ಕಡೆ ತಿರುಗಬೇಡಿ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ತಿಂಗಳು ನೀವು ಎಷ್ಟು ಸಲ ಬಸ್ಸು ಹತ್ತಿದಿರಿ? ಅದರಲ್ಲಿ ನಿಮಗೋಸ್ಕರ ಹೋದದ್ದು ಎಷ್ಟು?
2. ಟಿಕೆಟ್ಟಿಗೆ ಕೊಡದೆ ಉಳಿದ ದುಡ್ಡು ಈಗ ಎಲ್ಲಿದೆ?
3. ನೀವು ಮತ್ತು ನಿಮ್ಮ ಯಜಮಾನರು ಕೊನೆಯ ಸಲ ಒಟ್ಟಿಗೆ ಪ್ರಯಾಣ ಮಾಡಿದ್ದು ಯಾವಾಗ? ದಾರಿಯಲ್ಲಿ ಏನು ಮಾತಾಡಿದಿರಿ?
4. ನಮ್ಮ ಸಂಘದಲ್ಲಿ ಯಾರಾದರೂ ಮೌನವಾಗಿ ಕೂತಿದ್ದಾರೆಯೇ? ಅವರನ್ನು ಯಾರು ಮಾತಾಡಿಸುತ್ತೀರಿ?

ಸಂಘದ ನಿರ್ಧಾರ

ಈ ತಿಂಗಳು ಪ್ರತಿ ಸದಸ್ಯೆಯೂ ಒಂದು ಡಬ್ಬಿ ಇಟ್ಟುಕೊಳ್ಳಲಿ. ಬಸ್ಸಿನಲ್ಲಿ ಹೋಗಿಬಂದ ದಿನ ಟಿಕೆಟ್ಟಿಗೆ ಆಗುತ್ತಿದ್ದ ದುಡ್ಡಿನಲ್ಲಿ ಅರ್ಧವನ್ನಾದರೂ ಅದರಲ್ಲಿ ಹಾಕಿ. ತಿಂಗಳ ಕೊನೆಯ ಸಭೆಯಲ್ಲಿ ಡಬ್ಬಿ ಒಡೆದು ವಿಶೇಷ ಉಳಿತಾಯ ಅಂತ ಪಾಸ್‌ಬುಕ್ಕಿನಲ್ಲಿ ಬರೆಸಿ. ಅರ್ಧ ಮನೆಗೆ, ಅರ್ಧ ನಾಳೆಗೆ. ಜೊತೆಗೆ ಒಂದು ತಿಂಗಳ ಪ್ರಯಾಣವನ್ನು ಬರೆದಿಡಿ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ. ಮಕ್ಕಳೂ ತಿಳಿಯಲಿ, ಅಮ್ಮ ಯಾರಿಗೋಸ್ಕರ ಎಲ್ಲೆಲ್ಲಿಗೆ ಹೋಗಿಬರುತ್ತಾಳೆ ಅಂತ.

ಕೊನೆಯ ಮಾತು. ಸಂಸಾರವೂ ಒಂದು ಪ್ರಯಾಣವೇ, ಅದನ್ನು ನಾವು ಬಿಡಿಸಿ ಹೇಳಬೇಕಿಲ್ಲ. ಒಬ್ಬರ ಟಿಕೆಟ್ಟಿಗೆ ದುಡ್ಡು, ಇನ್ನೊಬ್ಬರದು ಫ್ರೀ. ಆದರೆ ಬಸ್ಸು ಒಂದೇ, ಇಳಿಯುವ ಊರೂ ಒಂದೇ. ಈ ಭಾನುವಾರ ಯಜಮಾನರನ್ನು ಕೇಳಿ ನೋಡಿ: "ಬರ್ತೀರಾ, ಜೊತೇಲಿ ಹೋಗ್ಬರೋಣ?" ಮುಂದಿನ ಸಭೆಯಲ್ಲಿ ಅವರು ಏನಂದರು ಅಂತ ನಮಗೂ ಹೇಳಿ.